ಡಾಕ್ಟರು ಒಳ್ಳೆಯವರು ಸರಿ, ಚಿಕಿತ್ಸೆ ಒಳ್ಳೆಯದೇ? ಮಾಜಿ ಸೈನಿಕರಿಗೂ ಮನೆಯವರಿಗೂ ಒಂದು ಕೈಪಿಡಿ

ಮನೋವೈದ್ಯರನ್ನು ಕಂಡು ಹೊರಬಂದ ಮಾಜಿ ಸೈನಿಕರನ್ನು ಮನೆಯವರು ‘ಹೇಗಿತ್ತು?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಎರಡು ಪದಗಳ ಉತ್ತರ: ‘ಡಾಕ್ಟರು ಒಳ್ಳೆಯವರು.’ ಅಲ್ಲಿಗೆ ಮಾತು ಮುಗಿಯುತ್ತದೆ. ಮುಂದಿನ ತಿಂಗಳೂ ಅದೇ ಪ್ರಶ್ನೆ, ಅದೇ ಉತ್ತರ. ಎರಡು ವರ್ಷ ಕಳೆದಿರುತ್ತದೆ. ನಡುರಾತ್ರಿ ಎದ್ದು ಬಾಗಿಲ ಚಿಲಕ ಪರೀಕ್ಷಿಸುವುದು ಮಾತ್ರ ನಿಂತಿರುವುದಿಲ್ಲ. ಪಟಾಕಿಯ ಸದ್ದಿಗೆ ಮೈ ಬೆವರುವುದೂ ನಿಂತಿರುವುದಿಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವರನ್ನು ಯಾರೂ ‘ಡಾಕ್ಟರು ಒಳ್ಳೆಯವರೇ?’ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಎಲುಬು ಕೂಡಿತೇ, ಎಕ್ಸ್‌ರೇ ತೆಗೆದರೇ, ಎಂದಿನಿಂದ ನಡೆಯಬಹುದು ಎಂದು ಕೇಳುತ್ತಾರೆ. ಮನಸ್ಸಿನ ವಿಷಯ ಬಂದರೆ ಮಾತ್ರ ಇಂಥ ಪ್ರಶ್ನೆ ಕೇಳುವುದು ಒರಟುತನವೆನಿಸುತ್ತದೆ. ಈ ಸಂಕೋಚವನ್ನು ಬಿಡಬೇಕು. ಯುದ್ಧ ಕಂಡು ಬಂದವರಿಗೆ ಸಿಗುತ್ತಿರುವ ಮಾನಸಿಕ ಚಿಕಿತ್ಸೆ ಯೋಗ್ಯವಾದದ್ದೇ ಎಂದು ಹೊರಗಿನವರೂ ಕಂಡುಕೊಳ್ಳಬಹುದು. ಅದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ, ಏನು ಕೇಳಬೇಕೆಂದು ಗೊತ್ತಿದ್ದರೆ ಸಾಕು.

ಹೋಗುವ ಮುನ್ನ: ಎರಡು ವಾರದ ಟಿಪ್ಪಣಿ

ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಬೇಡಿ. ಸೈನ್ಯದಲ್ಲಿದ್ದವರಿಗೆ ‘ಏನು ತೊಂದರೆ?’ ಎಂದು ಕೇಳಿದರೆ ‘ಏನಿಲ್ಲ, ಸ್ವಲ್ಪ ನಿದ್ದೆ ಬರುವುದಿಲ್ಲ’ ಎನ್ನುವುದು ಅಭ್ಯಾಸವಾಗಿರುತ್ತದೆ. ಇದು ಸುಳ್ಳಲ್ಲ, ತರಬೇತಿ. ನೋವನ್ನು ನುಂಗಿ ಕೆಲಸ ಮುಗಿಸುವುದನ್ನೇ ಅವರಿಗೆ ವರ್ಷಗಟ್ಟಲೆ ಕಲಿಸಲಾಗಿದೆ. ಹಿಂದೊಮ್ಮೆ ಇದನ್ನು ಹೇಳಿಕೊಳ್ಳುವುದಕ್ಕೆ ತೆರಬೇಕಾಗಿದ್ದ ಬೆಲೆಯೂ ಕಡಿಮೆಯದಲ್ಲ. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ‘ಶೆಲ್ ಶಾಕ್’ ಕುರಿತು, ಅಂದರೆ ಯುದ್ಧಭೂಮಿಯ ಆಘಾತದಿಂದ ಸೈನಿಕರ ಮನಸ್ಸು ಕುಸಿಯುವುದರ ಕುರಿತು ಬರೆದರು. ಅದೇ ಯುದ್ಧದಲ್ಲಿ ಹೇಡಿತನ, ಪಲಾಯನಗಳಂಥ ಆರೋಪ ಹೊತ್ತು ಬ್ರಿಟಿಷ್ ಸೈನ್ಯದ ಗುಂಡಿಗೆ ಬಲಿಯಾದ ಸುಮಾರು 300 ಸೈನಿಕರಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಇಂಥ ಭಯ ಒಂದೆರಡು ತಲೆಮಾರಿನಲ್ಲಿ ಆರುವುದಿಲ್ಲ.

ಆದ್ದರಿಂದ ಭೇಟಿಗೆ ಎರಡು ವಾರ ಮೊದಲೇ ಒಂದು ಪುಟ್ಟ ಪುಸ್ತಕದಲ್ಲಿ ಬರೆಯಲು ಆರಂಭಿಸಿ. ರಾತ್ರಿ ಎಷ್ಟು ಗಂಟೆ ನಿದ್ದೆ, ಎಷ್ಟು ಸಲ ಎಚ್ಚರ, ಕೆಟ್ಟ ಕನಸು ಬಿದ್ದಿತೇ, ಸಿಟ್ಟು ಯಾವಾಗ ಯಾರ ಮೇಲೆ, ಕುಡಿದದ್ದು ಎಷ್ಟು, ಯಾವ ಜಾಗ ಅಥವಾ ಯಾವ ಜನರನ್ನು ತಪ್ಪಿಸಿಕೊಂಡದ್ದು. ಸಂಗಾತಿಯೂ ಬರೆಯಲಿ, ಆದರೆ ಕದ್ದು ಬರೆಯುವುದು ಬೇಡ. ಬೇಹುಗಾರಿಕೆಯ ವಾಸನೆ ಬಂದರೆ ಮಾಜಿ ಸೈನಿಕರ ವಿಶ್ವಾಸ ಅಲ್ಲಿಗೆ ಹೋಯಿತು. ಸೇವೆಯಲ್ಲಿ ತಲೆಗೆ ಬಿದ್ದ ಪೆಟ್ಟು, ಸ್ಫೋಟದ ಸಮೀಪದಲ್ಲಿದ್ದ ಸಂದರ್ಭ, ಕಿವಿಯ ತೊಂದರೆ, ಬೆನ್ನುನೋವು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು ಇವನ್ನೆಲ್ಲ ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿ.

ಮೊದಲ ಭೇಟಿ: ಅವರು ಏನು ಕೇಳಿದರು?

ಗುಣಮಟ್ಟದ ಮೊದಲ ಸುಳಿವು ವೈದ್ಯರ ಉತ್ತರಗಳಲ್ಲಿಲ್ಲ, ಅವರ ಪ್ರಶ್ನೆಗಳಲ್ಲಿದೆ. ಹತ್ತು ನಿಮಿಷದಲ್ಲಿ ಚೀಟಿ ಬರೆದುಕೊಟ್ಟರೆ ಅದು ತಪಾಸಣೆಯಲ್ಲ. ಸೈನ್ಯದಲ್ಲಿ ಯಾವ ಕೆಲಸ ಮಾಡುತ್ತಿದ್ದಿರಿ, ಕಾದಾಟದ ಪ್ರದೇಶದಲ್ಲಿ ಎಷ್ಟು ಕಾಲ, ಜೊತೆಗಾರರನ್ನು ಕಳೆದುಕೊಂಡಿರಾ, ಸೈನ್ಯದೊಳಗೇ ನಿಮಗೆ ಅನ್ಯಾಯವೋ ಲೈಂಗಿಕ ದೌರ್ಜನ್ಯವೋ ಆಗಿತ್ತೇ, ಕುಡಿತ ಎಷ್ಟು, ಸಾಯಬೇಕೆನಿಸಿದೆಯೇ, ಮನೆಯಲ್ಲಿ ಬಂದೂಕು ಇದೆಯೇ: ಇವು ಬರಲೇಬೇಕಾದ ಪ್ರಶ್ನೆಗಳು. ಸಾವಿನ ಕುರಿತು ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ನಂಬಿಕೆ ತಪ್ಪು. ಕೇಳುವುದೇ ಒಳ್ಳೆಯದು.

ಎಲ್ಲವನ್ನೂ ಪಿಟಿಎಸ್‌ಡಿ ಎಂಬ ಒಂದೇ ಚೀಲಕ್ಕೆ ತುಂಬುವವರ ಬಗ್ಗೆಯೂ ಎಚ್ಚರವಿರಲಿ. ಆಘಾತದ ನಂತರ ಉಳಿಯುವ ಈ ಒತ್ತಡದ ಕಾಯಿಲೆಗೆ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಅಧಿಕೃತ ಸ್ಥಾನ ಸಿಕ್ಕಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡು ಕಂಡ ಮೇಲೆ. ಹೆಸರು ಸಿಕ್ಕಿದ್ದು ಉಪಕಾರವೇ. ಆದರೆ ಯುದ್ಧ ಕಂಡವರ ಕಷ್ಟವೆಲ್ಲ ಆ ಹೆಸರಿನೊಳಗೆ ಹಿಡಿಯುವುದಿಲ್ಲ. ಸ್ಫೋಟದಿಂದ ಮಿದುಳಿಗಾದ ಪೆಟ್ಟಿನಿಂದಲೂ ಮರೆವು, ಸಿಡುಕು, ನಿದ್ದೆಗೇಡು ಬರುತ್ತವೆ. ರಾತ್ರಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದ್ದವರಿಗೆ ಯಾವ ಆಪ್ತಸಮಾಲೋಚನೆಯಿಂದಲೂ ಬೆಳಗಿನ ದಣಿವು ಹೋಗದು. ಖಿನ್ನತೆ ಬೇರೆಯೇ ಇರಬಹುದು, ಜೊತೆಗೂ ಇರಬಹುದು.

ಇನ್ನೊಂದು ಬಗೆಯ ಗಾಯವಿದೆ. ವಿಯೆಟ್ನಾಂ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಜೊನಾಥನ್ ಶೇ ಅದನ್ನು ನೈತಿಕ ಗಾಯ ಎಂದು ಕರೆದರು. ಅದರಲ್ಲಿ ಮುಂದೆ ನಿಲ್ಲುವುದು ಭಯವಲ್ಲ, ‘ನಾನು ಮಾಡಬಾರದ್ದನ್ನು ಮಾಡಿದೆ’, ‘ತಡೆಯಬಹುದಿತ್ತು, ತಡೆಯಲಿಲ್ಲ’, ‘ಮೇಲಿನವರು ನಮ್ಮನ್ನು ಬಲಿಕೊಟ್ಟರು’ ಎಂಬ ಕೊರಗು. ಇಂಥವರಿಗೆ ‘ನಿಮ್ಮ ತಪ್ಪೇನಿಲ್ಲ ಬಿಡಿ’ ಎಂದು ಮೊದಲ ದಿನವೇ ಸಮಾಧಾನ ಹೇಳುವ ಸಲಹೆಗಾರರು ಅವರನ್ನು ಕಳೆದುಕೊಳ್ಳುತ್ತಾರೆ. ಏನಾಯಿತೆಂದು ಪೂರ್ತಿ ಕೇಳದೆ ಕೊಟ್ಟ ಕ್ಷಮೆಗೆ ಅವರ ಕಣ್ಣಲ್ಲಿ ಬೆಲೆಯಿಲ್ಲ.

ಸೈನಿಕ ಜೀವನ ಗೊತ್ತಿರುವ ಚಿಕಿತ್ಸಕರೇ ಬೇಕೇ? ಇದ್ದರೆ ಒಳ್ಳೆಯದು, ಆದರೆ ಸುಲಭವಾಗಿ ಸಿಗುವುದಿಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸೈನಿಕರ ಬದುಕಿನ ತಿಳಿವಳಿಕೆ ಮತ್ತು ಪುರಾವೆಯುಳ್ಳ ಚಿಕಿತ್ಸೆಯ ತರಬೇತಿ ಎರಡೂ ಇದ್ದ ನಾಗರಿಕ ಚಿಕಿತ್ಸಕರು ಶೇ. 13ರಷ್ಟು ಮಾತ್ರ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ತರಬೇತಿ ಇರುವವರನ್ನು ಆರಿಸಿಕೊಳ್ಳಿ. ಸೈನ್ಯದ ಭಾಷೆಯನ್ನು ನೀವೇ ಕಲಿಸಬಹುದು, ಚಿಕಿತ್ಸೆಯನ್ನು ಕಲಿಸಲಾಗದು.

ಚಿಕಿತ್ಸೆಯ ಹೆಸರನ್ನು ಕೇಳಿ

ಈ ಬರಹದಲ್ಲಿ ಒಂದೇ ಒಂದು ಸಲಹೆ ನೆನಪಿಡುವುದಾದರೆ ಇದನ್ನು ನೆನಪಿಡಿ. ಎರಡನೆಯ ಅಥವಾ ಮೂರನೆಯ ಭೇಟಿಯ ಹೊತ್ತಿಗೆ ಹೀಗೆ ಕೇಳಿ: ‘ನೀವು ಕೊಡುತ್ತಿರುವ ಚಿಕಿತ್ಸೆಗೆ ಹೆಸರೇನು? ಒಟ್ಟು ಎಷ್ಟು ಸಲ ಬರಬೇಕು? ಕೆಲಸ ಮಾಡುತ್ತಿದೆಯೆಂದು ನಮಗೆ ಹೇಗೆ ಗೊತ್ತಾಗುತ್ತದೆ?’ ಉತ್ತರ ‘ಸುಮ್ಮನೆ ಮಾತಾಡೋಣ, ನೋಡೋಣ’ ಎಂದಾದರೆ ನಿಮಗೆ ಸಿಗುತ್ತಿರುವುದು ಒಳ್ಳೆಯ ಸಹವಾಸ. ಸಹವಾಸಕ್ಕೂ ಬೆಲೆಯಿದೆ. ಅದನ್ನು ಚಿಕಿತ್ಸೆಯೆಂದು ಕರೆಯಬೇಕಿಲ್ಲ.

ಪಿಟಿಎಸ್‌ಡಿಗೆ ಅತಿ ಹೆಚ್ಚು ಪುರಾವೆ ಇರುವ ಮಾತಿನ ಚಿಕಿತ್ಸೆಗಳು ಮುಖ್ಯವಾಗಿ ಮೂರು. ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಎಂಬುದರಲ್ಲಿ ಆ ಘಟನೆಯನ್ನು ಸುರಕ್ಷಿತ ಕೋಣೆಯಲ್ಲಿ ಮತ್ತೆ ಮತ್ತೆ ಹೇಳಿಸುತ್ತಾರೆ. ತಪ್ಪಿಸಿಕೊಂಡು ಓಡಾಡುತ್ತಿದ್ದ ಜಾಗಗಳಿಗೆ ಮೆಲ್ಲಮೆಲ್ಲನೆ ಹೋಗುವ ಅಭ್ಯಾಸವನ್ನೂ ಮಾಡಿಸುತ್ತಾರೆ. ಇದನ್ನು ರೂಪಿಸಿದವರು ಎಡ್ನಾ ಫೋವಾ. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ ಸುಮಾರು 90 ನಿಮಿಷ. ಪ್ಯಾಟ್ರೀಷಿಯಾ ರೆಸಿಕ್ ರೂಪಿಸಿದ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿಯಲ್ಲಿ ಸುಮಾರು 12 ಭೇಟಿಗಳಿರುತ್ತವೆ. ‘ಎಲ್ಲ ನನ್ನಿಂದಲೇ ಆಯಿತು’, ‘ಯಾರನ್ನೂ ನಂಬಬಾರದು’ ಎಂಬಂಥ ಗಟ್ಟಿಯಾದ ತೀರ್ಮಾನಗಳನ್ನು ಕಾಗದದ ಮೇಲಿಟ್ಟು ಸಾಕ್ಷ್ಯ ನೋಡಿಸುವುದು ಇದರ ಬಗೆ. ಮನೆಗೆಲಸ ಕೊಡುತ್ತಾರೆ, ಅದನ್ನು ಮಾಡಲೇಬೇಕು. ಮೂರನೆಯದು ಇಎಂಡಿಆರ್. ಅದರಲ್ಲಿ ಚಿಕಿತ್ಸಕರ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುತ್ತ ನೆನಪನ್ನು ಮನಸ್ಸಿನಲ್ಲಿ ಹಿಡಿದಿರುತ್ತಾರೆ. ನೋಡಿದರೆ ಮಾಟದಂತೆ ಕಾಣುತ್ತದೆ, ಆದರೂ ಪರೀಕ್ಷೆಗಳಲ್ಲಿ ನಿಂತಿದೆ.

ಈ ಚಿಕಿತ್ಸೆಗಳಲ್ಲಿ ಮೊದಲ ಕೆಲವು ವಾರ ಕಷ್ಟ ಹೆಚ್ಚಿದಂತೆ ಕಾಣಬಹುದು. ಮುಚ್ಚಿಟ್ಟ ಗಾಯವನ್ನು ತೊಳೆಯುವಾಗ ಉರಿಯುವುದು ಸಹಜ. ಇದನ್ನು ಮುಂಚಿತವಾಗಿ ಹೇಳುವವರು ಒಳ್ಳೆಯ ಚಿಕಿತ್ಸಕರು. ಹೇಳದಿದ್ದರೆ ಮೂರನೆಯ ವಾರಕ್ಕೆ ಮನೆಯವರೇ ‘ಇದರಿಂದ ಇನ್ನೂ ಕೆಟ್ಟಿತು, ಬಿಡಿಸೋಣ’ ಎಂದು ತೀರ್ಮಾನಿಸುತ್ತಾರೆ.

ಇನ್ನು ಕಹಿ ಮಾತು. ಈ ಉತ್ತಮ ಚಿಕಿತ್ಸೆಗಳೂ ಸೈನಿಕರಲ್ಲಿ ಪವಾಡ ಮಾಡುವುದಿಲ್ಲ. 2015ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅವಲೋಕನದ ಪ್ರಕಾರ ಮೊದಲೆರಡು ಚಿಕಿತ್ಸೆಗಳನ್ನು ಪಡೆದ ಸೈನಿಕರು ಮತ್ತು ಮಾಜಿ ಸೈನಿಕರಲ್ಲಿ ಅರ್ಧದಿಂದ ಶೇ. 70ರವರೆಗಿನವರಿಗೆ ಗಣನೀಯ ಸುಧಾರಣೆ ಕಂಡಿತು. ಆದರೆ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಚಿಕಿತ್ಸೆ ಮುಗಿದ ಮೇಲೂ ಪಿಟಿಎಸ್‌ಡಿ ಎಂಬ ಹೆಸರು ಉಳಿದೇ ಇತ್ತು. ಹಾಗಾಗಿ ‘ಹನ್ನೆರಡು ವಾರದಲ್ಲಿ ಪೂರ್ತಿ ಗುಣ’ ಎಂದು ಭರವಸೆ ಕೊಡುವವರನ್ನೂ ‘ಇದು ಜೀವನಪೂರ್ತಿ, ಏನೂ ಮಾಡಲಾಗದು’ ಎನ್ನುವವರನ್ನೂ ಸಮಾನವಾಗಿ ಅನುಮಾನಿಸಿ. ಕನಸುಗಳು ವಾರಕ್ಕೆ ಐದರಿಂದ ಒಂದಕ್ಕೆ ಇಳಿದು, ಮಗಳ ಶಾಲೆಯ ಸಮಾರಂಭದಲ್ಲಿ ಕೊನೆಯವರೆಗೆ ಕುಳಿತಿರಲು ಸಾಧ್ಯವಾದರೆ ಅದು ದೊಡ್ಡ ಗೆಲುವೇ.

ಅಂಕ ಕೇಳಿ, ಬರೆದಿಟ್ಟುಕೊಳ್ಳಿ

ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇರುವಂತೆ ಇಲ್ಲಿಯೂ ಅಳತೆಗಳಿವೆ. ಪಿಟಿಎಸ್‌ಡಿಗೆ ಪಿಸಿಎಲ್-5 ಎಂಬ 20 ಪ್ರಶ್ನೆಗಳ ಪಟ್ಟಿ, ಒಟ್ಟು ಅಂಕ 0ಯಿಂದ 80. ಖಿನ್ನತೆಗೆ ಪಿಎಚ್‌ಕ್ಯೂ-9, ಪ್ರಶ್ನೆಗಳು 9, ಅಂಕ 0ಯಿಂದ 27. ಇದರ ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ‘ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಉತ್ತರ ಬಿದ್ದರೆ ವೈದ್ಯರು ಅಂದೇ ಆ ಮಾತನ್ನು ಎತ್ತಬೇಕು. ಕಾಗದ ಫೈಲಿಗೆ ಹೋಗಿ, ಮಾತು ಮಾತ್ರ ಹವಾಮಾನದ ಬಗ್ಗೆಯೇ ನಡೆದರೆ ಅದು ಅಸಡ್ಡೆ.

ತುಂಬಿಸಲು ಐದಾರು ನಿಮಿಷ ಸಾಕು. ಚಿಕಿತ್ಸೆಯ ಆರಂಭದಲ್ಲಿ ಒಮ್ಮೆ, ನಂತರ ಕೆಲವು ವಾರಗಳಿಗೊಮ್ಮೆ ಕೇಳಿ ಬರೆಸಬೇಕು. ಒಂದೆರಡು ಅಂಕದ ಏರಿಳಿತಕ್ಕೆ ಅರ್ಥವಿಲ್ಲ. ಪಿಸಿಎಲ್-5ರಲ್ಲಿ ಹತ್ತು ಹದಿನೈದು ಅಂಕ ಇಳಿದು ಅಲ್ಲೇ ನಿಂತರೆ ನಂಬಬಹುದು. ಆರೆಂಟು ಭೇಟಿ ಕಳೆದರೂ ಅಂಕ ಕದಲದಿದ್ದರೆ ಚಿಕಿತ್ಸಕರೇ ಮೊದಲಾಗಿ ‘ದಾರಿ ಬದಲಿಸೋಣವೇ?’ ಎನ್ನಬೇಕು. ಅವರು ಅನ್ನದಿದ್ದರೆ ನೀವು ಅನ್ನಿ. ಅಂಕವೇ ಸರ್ವಸ್ವವಲ್ಲ ಎಂಬುದೂ ಸರಿ. ಪರಿಹಾರಧನ ನಿಂತುಹೋದೀತೆಂಬ ಭಯಕ್ಕೆ ಕೆಲವರು ಹೆಚ್ಚು ಬರೆಯುತ್ತಾರೆ, ಮರ್ಯಾದೆಗೆ ಅಂಜಿ ಬಹಳ ಜನ ಕಡಿಮೆ ಬರೆಯುತ್ತಾರೆ. ಅದಕ್ಕೇ ಮನೆಯ ಟಿಪ್ಪಣಿ ಪುಸ್ತಕ ಜೊತೆಗಿರಬೇಕು.

ಮಾತ್ರೆಗಳು

ಪಿಟಿಎಸ್‌ಡಿಗೆ ಒಳ್ಳೆಯ ಪುರಾವೆ ಇರುವ ಔಷಧಗಳು ಕೆಲವೇ: ಸರ್ಟ್ರಲಿನ್, ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್. ಪರಿಣಾಮ ತಿಳಿಯಲು ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಎಂಟು ವಾರ ಬೇಕು. ವಾರದಲ್ಲೇ ‘ಪ್ರಯೋಜನವಿಲ್ಲ’ ಎಂದು ಬಿಡುವುದೂ, ಒಳ್ಳೆಯದಾಯಿತೆಂದು ಹಠಾತ್ತನೆ ನಿಲ್ಲಿಸುವುದೂ ಎರಡೂ ತಪ್ಪು. ಬಿಡುವುದಾದರೆ ವೈದ್ಯರ ಮಾತಿನಂತೆ ನಿಧಾನಕ್ಕೆ ಇಳಿಸಬೇಕು.

ಆಲ್ಪ್ರಜೋಲಮ್, ಕ್ಲೋನಜೆಪಾಮ್, ಡಯಜೆಪಾಮ್ ಗುಂಪಿನ, ಆತಂಕ ತಗ್ಗಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ಬರೆದುಕೊಡುತ್ತಿದ್ದರೆ ಕಾರಣ ಕೇಳಿ. ಅಮೆರಿಕದ ರಕ್ಷಣಾ ಮತ್ತು ಮಾಜಿ ಸೈನಿಕರ ಇಲಾಖೆಗಳ 2023ರ ಮಾರ್ಗಸೂಚಿ ಪಿಟಿಎಸ್‌ಡಿಗೆ ಇವು ಬೇಡವೆಂದೇ ಹೇಳುತ್ತದೆ. ಅಂದು ರಾತ್ರಿಗೆ ನೆಮ್ಮದಿ ಸಿಗುತ್ತದೆ, ಅಭ್ಯಾಸ ಅಂಟುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ಹಾಗೆಂದು ಈಗಾಗಲೇ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿರುವವರು ಈ ಸಾಲು ಓದಿ ನಾಳೆಯೇ ನಿಲ್ಲಿಸಬಾರದು, ಹಠಾತ್ ನಿಲುಗಡೆಯಿಂದ ಫಿಟ್ಸ್ ಬರಬಹುದು. ಕೆಟ್ಟ ಕನಸಿಗೆ ಕೊಡುವ ಪ್ರಜೋಸಿನ್ ಕೆಲವರಿಗೆ ವರವಾಗಿದೆ, ಆದರೆ 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಬರಿಯ ಸಕ್ಕರೆ ಗುಳಿಗೆಯನ್ನು ಮೀರಲಿಲ್ಲ. ಪ್ರಯತ್ನಿಸಬಹುದು, ಅದರ ಮೇಲೇ ಭಾರ ಹಾಕಬಾರದು. ನಿದ್ದೆಯೊಂದೇ ಮುಖ್ಯ ತೊಂದರೆಯಾದರೆ ಮಾತ್ರೆಗಿಂತ ಮೊದಲು ನಿದ್ರಾಹೀನತೆಗೆಂದೇ ಇರುವ ಸಿಬಿಟಿ-ಐ ಎಂಬ ಮಾತಿನ ಚಿಕಿತ್ಸೆ ಸಿಗುತ್ತದೆಯೇ ವಿಚಾರಿಸಿ.

ಕೆಟ್ಟ ರಾತ್ರಿಗೆ ಬರೆದಿಟ್ಟ ಹಾಳೆ

ಯುದ್ಧ ಕಂಡವರ ಚಿಕಿತ್ಸೆಯಲ್ಲಿ ಇದು ಇಲ್ಲದಿದ್ದರೆ ಉಳಿದದ್ದೆಲ್ಲ ಅರ್ಧ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ ಒಂದೇ ಹಾಳೆಯದು. ನನಗೆ ಕೆಟ್ಟ ಗಳಿಗೆ ಬರುತ್ತಿದೆಯೆಂದು ಯಾವ ಲಕ್ಷಣದಿಂದ ತಿಳಿಯುತ್ತದೆ, ಆಗ ಒಬ್ಬನೇ ಏನು ಮಾಡಬಲ್ಲೆ, ಮನಸ್ಸು ಬೇರೆ ಕಡೆ ಹೋಗಲು ಯಾರ ಬಳಿ ಎಲ್ಲಿಗೆ ಹೋಗಬಹುದು, ಯಾರಿಗೆ ನೇರವಾಗಿ ‘ಸಹಾಯ ಬೇಕು’ ಎನ್ನಬಹುದು, ಯಾವ ವೈದ್ಯರಿಗೆ ಮತ್ತು ಯಾವ ತುರ್ತು ಸಹಾಯವಾಣಿಗೆ ಕರೆ ಮಾಡಬೇಕು, ಮನೆಯನ್ನು ಹೇಗೆ ಸುರಕ್ಷಿತವಾಗಿಡಬೇಕು. ಚಿಕಿತ್ಸಕರ ಜೊತೆ ಕುಳಿತು, ಮಾಜಿ ಸೈನಿಕರ ಸ್ವಂತ ಮಾತುಗಳಲ್ಲಿ, ಅವರ ಕೈಯಿಂದಲೇ ಬರೆಸಬೇಕು. ಅಚ್ಚು ಹಾಕಿದ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಅದು ಆಸ್ಪತ್ರೆಯ ರಕ್ಷಣೆಗೇ ಹೊರತು ಸೈನಿಕರ ರಕ್ಷಣೆಗಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗದಿಂದ ಇಂಥ ಯೋಜನೆಯೊಂದಿಗೆ ಮನೆಗೆ ಹೋಗಿ, ನಂತರ ಫೋನ್ ಕರೆಗಳನ್ನೂ ಪಡೆದವರಲ್ಲಿ ಮುಂದಿನ ಆರು ತಿಂಗಳು ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ ಶೇ. 45ರಷ್ಟು ಕಡಿಮೆಯಿತ್ತು. ಒಂದು ಹಾಳೆ, ಕೆಲವು ಕರೆ. ಆದ್ದರಿಂದ ಕೇಳಿ: ‘ಭೇಟಿ ತಪ್ಪಿದರೆ ನೀವೇ ಫೋನ್ ಮಾಡುತ್ತೀರಾ?’

ಮನೆಯಲ್ಲಿ ಬಂದೂಕಿದ್ದರೆ ಆ ಮಾತನ್ನು ಮನೆಯವರು ಆಡಲೇಬೇಕು. ಕಿತ್ತುಕೊಳ್ಳುವ ದನಿಯಲ್ಲಿ ಆಡಿದರೆ ಜಗಳವಾಗುತ್ತದೆ. ‘ನಿದ್ದೆ ಸರಿಹೋಗುವ ತನಕ ಇದನ್ನು ನಂಬಿಕೆಯವರ ಬಳಿ ಕಾನೂನಿನ ಪ್ರಕಾರ ಇಡೋಣ’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಕೆಟ್ಟ ಗಳಿಗೆಯ ತೀವ್ರತೆ ಹಲವು ಸಲ ಕಡಿಮೆ ಹೊತ್ತಿನದು, ಅಷ್ಟು ಹೊತ್ತು ಅಂತರವಿದ್ದರೆ ಜೀವ ಉಳಿಯುತ್ತದೆ. ಮನೆಯಲ್ಲಿ ಕೂಡಿಟ್ಟ ಮಾತ್ರೆಗಳಿಗೂ ಇದೇ ಮಾತು. ಸಾಯುವ ಮಾತು, ವಿದಾಯದ ಮಾತು, ಸಾಮಾನು ಹಂಚುವುದು ಕಂಡರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬೇಡಿ. ಒಬ್ಬರನ್ನೇ ಬಿಡಬೇಡಿ, ಅಂದೇ ತುರ್ತು ಸೇವೆಗೆ ಕರೆ ಮಾಡಿ.

ಬಿಟ್ಟುಬಿಡೋಣ ಎನಿಸಿದಾಗ

ಎನಿಸುತ್ತದೆ. 916 ಮಾಜಿ ಸೈನಿಕರಿದ್ದ, 2022ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಆರಂಭಿಸಿದವರಲ್ಲಿ ಶೇ. 56ರಷ್ಟು, ಕಾಗ್ನಿಟಿವ್ ಪ್ರೊಸೆಸಿಂಗ್ ಆರಂಭಿಸಿದವರಲ್ಲಿ ಶೇ. 47ರಷ್ಟು ಜನ ನಡುವೆಯೇ ಬಿಟ್ಟರು. ಧೈರ್ಯವಿಲ್ಲದವರು ಬಿಟ್ಟರು ಎನ್ನಲು ಬಾಯಿ ಬರುತ್ತದೆಯೇ? ಬಿಡುವ ಮುನ್ನ ಒಂದು ಭೇಟಿಯನ್ನು ಇದಕ್ಕಾಗಿಯೇ ಕೇಳಿಕೊಳ್ಳಿ. ತೊಂದರೆ ಚಿಕಿತ್ಸೆಯದೇ, ಚಿಕಿತ್ಸಕರದೇ, ವೇಳೆಯದೇ, ಪ್ರಯಾಣದ್ದೇ ಎಂದು ಬಿಡಿಸಿ ನೋಡಿ. ಪ್ರಯಾಣ ತೊಡಕಾದರೆ ವಿಡಿಯೊ ಮೂಲಕ ನಡೆಸಬಹುದು, ಮನೆಯಲ್ಲಿ ಬಾಗಿಲು ಮುಚ್ಚಿಕೊಳ್ಳಬಹುದಾದ ಕೋಣೆ ಇದ್ದರಾಯಿತು. ಚಿಕಿತ್ಸಕರು ಒಗ್ಗದಿದ್ದರೆ ಬದಲಾಯಿಸಿ. ಇದರಲ್ಲಿ ಅವಮಾನವೇನಿಲ್ಲ. ಆದರೆ ಪ್ರತಿ ಬದಲಾವಣೆಗೂ ಕಥೆಯನ್ನು ಮೊದಲಿನಿಂದ ಹೇಳಬೇಕಾಗುವುದೇ ದೊಡ್ಡ ಹಿಂಸೆ, ಅದಕ್ಕೆ ಹಳೆಯ ಚಿಕಿತ್ಸಕರಿಂದ ಲಿಖಿತ ಸಾರಾಂಶ ಪಡೆಯದೆ ಹೊರಡಬೇಡಿ.

ಸಂಗಾತಿಗೆ ಒಂದು ಮಾತು. ಒಪ್ಪಿಗೆಯಿದ್ದರೆ ಎರಡು ಮೂರು ಭೇಟಿಗಳಲ್ಲಿ ನಿಮ್ಮನ್ನೂ ಕರೆಯುವ ಚಿಕಿತ್ಸಕರು ನಂಬಿಕೆಗೆ ಅರ್ಹರು. ಹೊಡೆತ, ಬೆದರಿಕೆ ಇದ್ದರೆ ಮಾತ್ರ ಯಾವ ಕಾಯಿಲೆಯ ಹೆಸರೂ ಅದಕ್ಕೆ ರಿಯಾಯಿತಿಯಲ್ಲ. ನಿಮ್ಮ ಮತ್ತು ಮಕ್ಕಳ ಸುರಕ್ಷತೆ ಮೊದಲು.

ಕಾಯುವ ಪಟ್ಟಿ ಮತ್ತು ಕಾಗದಪತ್ರ

2014ರಲ್ಲಿ ಅಮೆರಿಕದ ಫೀನಿಕ್ಸ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಾಯುವವರ ನಿಜವಾದ ಪಟ್ಟಿಯನ್ನು ಮುಚ್ಚಿಟ್ಟು ಅಂಕಿಅಂಶ ಚೆನ್ನಾಗಿ ಕಾಣಿಸಿದ್ದು ಬಯಲಾಯಿತು. ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಡಬೇಕಾಯಿತು. ಹೊರಗಿನ ಫಲಕದಲ್ಲಿ ಬರೆದದ್ದನ್ನು ನಂಬಬೇಡಿ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ‘ಮೊದಲ ಭೇಟಿ ಯಾವಾಗ?’ ಎಂದಷ್ಟೇ ಕೇಳಿದರೆ ಸಾಲದು. ಮೊದಲ ಭೇಟಿ ಹತ್ತು ದಿನದಲ್ಲಿ ಸಿಕ್ಕಿ ಎರಡನೆಯದು ಮೂರು ತಿಂಗಳಾದರೆ ಚಿಕಿತ್ಸೆ ನಡೆಯುವುದೇ ಇಲ್ಲ. ‘ಎರಡನೆಯ, ಮೂರನೆಯ ಭೇಟಿ ಯಾವಾಗ? ವಾರಕ್ಕೊಮ್ಮೆ ಸಿಗುತ್ತದೆಯೇ?’ ಎಂದು ಕೇಳಿ. ದಾಖಲೆಗಳನ್ನು ಯಾರು ನೋಡಬಹುದು, ಪಿಂಚಣಿ ಅಥವಾ ಉದ್ಯೋಗದ ಮೇಲೆ ಅದರ ಪರಿಣಾಮವೇನು ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ, ಈ ಅನುಮಾನ ತೀರದೆ ಮಾಜಿ ಸೈನಿಕರು ಬಾಯಿ ತೆರೆಯುವುದಿಲ್ಲ. ದೂರು ಕೊಡಬೇಕಾದರೆ ದಿನಾಂಕ, ಮಾತಾಡಿದವರ ಹುದ್ದೆ, ಹೇಳಿದ ಮಾತು ಇಷ್ಟನ್ನು ಅದೇ ದಿನ ಬರೆದಿಡಿ. ನೆನಪಿನಿಂದ ಬರೆದ ದೂರನ್ನು ತಳ್ಳಿಹಾಕುವುದು ಸುಲಭ.

ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಮೇಲುಗಡೆ ಸುರಕ್ಷತಾ ಹಾಳೆ, ಅದರ ಕೆಳಗೆ ಅಂಕಗಳು ದಿನಾಂಕದೊಂದಿಗೆ, ಆಮೇಲೆ ಮಾತ್ರೆಗಳ ಪಟ್ಟಿ (ನಿಲ್ಲಿಸಿದವುಗಳೂ, ನಿಲ್ಲಿಸಿದ ಕಾರಣವೂ ಸೇರಿ), ಕೊನೆಯಲ್ಲಿ ಸೇವಾ ದಾಖಲೆಯ ಪ್ರತಿ. ಸುರಕ್ಷತಾ ಹಾಳೆಯ ಇನ್ನೊಂದು ಪ್ರತಿ ಮೊಬೈಲ್‌ನಲ್ಲಿ ಚಿತ್ರವಾಗಿರಲಿ. ರಾತ್ರಿ ಮೂರು ಗಂಟೆಗೆ ಫೈಲು ಹುಡುಕುವವರಿಲ್ಲ.